ಹೋಗ್ತೀನಿ ಅಂದಾಕಿ

ಚರ್ಚಾಸ್ಪರ್ಧೆಯಲ್ಲಿ ಬಹುಮಾನವಾಗಿ ಬಂದ ಪುಸ್ತಕವನ್ನು ನಾನು ಓದುವ ಮೊದಲು ಮೂಸಿ ನೋಡಿದೆ. ಹಳೆಯ ಚಾಳಿ. ಅಂಟು, ಅಚ್ಚಿನ ಮಸಿ, ಹೊದಿಕೆಯ ಬಣ್ಣದ ಚಿತ್ರದಿಂದ ಬರುವ ಎಣ್ಣೆಯಂಥ ಕಮಟು. ಅಷ್ಟೇ. ಈ ಕಾದಂಬರಿಗೆ ಹುಣಸೆಹಣ್ಣಿನ ವಾಸನೆ ಇರಬೇಕಿತ್ತು. ಹುಣಸೆಹಣ್ಣು, ಅದರ ಜೊತೆಗೆ ಚಿಗವ್ವನ ಕೈಯ ಕೊಬ್ಬರಿ ಎಣ್ಣೆ... ಇಲ್ಲದ ವಾಸನೆಯೂ ಮೂಗಿಗೆ ಬಡಿಯುತ್ತದೆ ಎಂದು ಯಾರಾದರೂ ವೇದಿಕೆಯ ಮೇಲೆ ವಾದಿಸಿದ್ದರೆ ನಾನೇ ಎದ್ದು ನಿಂತು ಪುರಾವೆ ಕೇಳುತ್ತಿದ್ದೆ.

ಈ ಕಾದಂಬರಿ ಎಂದೆ. ಅದು ಪೂರ್ತಿ ನಿಜವಲ್ಲ. ಹೊದಿಕೆಯ ಮೇಲೆ ಹೆಸರೇನೋ ಹಳೆಯದೇ ಇದೆ, ನಮ್ಮ ಅಜ್ಜಿಯರ ಕಾಲದಿಂದ ಹೆಂಗಸರು ಓದಿಸಿಕೊಂಡು ಕಣ್ಣೊರೆಸಿಕೊಂಡ ಪ್ರೇಮಕಥೆಯ ಹೆಸರು. ಅದರ ಕೆಳಗೆ 'ಇಂದಿನ ತರುಣ ತರುಣಿಯರಿಗಾಗಿ ಹೊಸ ರೂಪದಲ್ಲಿ' ಎಂಬ ಸಾಲು. ಹೊಸ ರೂಪ ಕೊಟ್ಟವರೇ ಅವತ್ತು ರಾಯಚೂರಿನ ನಮ್ಮ ಕಾಲೇಜಿಗೆ ತೀರ್ಪುಗಾರರಾಗಿ ಬಂದಿದ್ದರು. ತಮ್ಮ ಪುಸ್ತಕವನ್ನೇ ಬಹುಮಾನವಾಗಿ ಕೊಡಿಸುವುದರಲ್ಲಿ ಪ್ರಚಾರದ ಆಸೆ ಇತ್ತು ಎಂದು ನಾನು ಹೇಳಬಹುದು. ಆದರೆ ಅದಕ್ಕೆ ನನ್ನಲ್ಲಿ ಆಧಾರವಿಲ್ಲ, ಆ ವಾದವನ್ನು ಅಲ್ಲಿಗೇ ಬಿಡುತ್ತೇನೆ.

ವಂದನಾರ್ಪಣೆ ನಡೆಯುತ್ತಿದ್ದಾಗ ಪುಟ ತಿರುವಿದೆ. ಹಳೆಯದರಲ್ಲಿ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ನಾಯಕ ಇದರಲ್ಲಿ ಸ್ಕೂಟರಿನ ಮೇಲೆ ಬರುತ್ತಾನೆ. ಬರಲಿ. ಎತ್ತಿನ ಗಾಡಿಯಲ್ಲಿ ಕುಳಿತವರೆಲ್ಲ ಪ್ರಾಮಾಣಿಕರೇನೂ ಅಲ್ಲ. ನಾಯಕಿ ಬೆಲ್‌ಬಾಟಮ್ ತೊಡುತ್ತಾಳೆ. ತೊಡಲಿ. ಅವಳು ಸಿಟ್ಟಾದಾಗ, ನಕ್ಕಾಗ, ಸುಮ್ಮನೆ ಕಿಟಕಿ ತೆರೆದಾಗಲೂ ಸಾಲಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆಗಳು ನಿಂತಿವೆ. ಅದನ್ನೂ ಕ್ಷಮಿಸೋಣ. ಆಮೇಲೆ ಕೊನೆಯ ಪುಟಕ್ಕೆ ಬಂದೆ. ನಾಯಕಿ ಅವನ ಮನೆಯ ಹೊಸ್ತಿಲಲ್ಲಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ತುಟಿಯಲ್ಲಿ ನಗು ತಂದುಕೊಂಡು, "ಹೋಗಿ ಬರ್ತೀನಿ" ಅನ್ನುತ್ತಾಳೆ. ಅವನು ಹಿಂದೆ ಓಡಿಬರುತ್ತಾನೆ. ಇಬ್ಬರೂ ಸ್ಕೂಟರು ಹತ್ತುತ್ತಾರೆ.

ಹಳೆಯ ಕಾದಂಬರಿಯಲ್ಲಿ ಆ ಜಾಗದಲ್ಲಿ ಒಂದೇ ಮಾತಿತ್ತು. "ಹೋಗ್ತೀನಿ." ಅಲ್ಲಿಗೆ ಪುಸ್ತಕ ಮುಗಿಯುತ್ತಿತ್ತು. ಆ ಒಂದು ಮಾತಿಗೆ ನಾನು ಇಷ್ಟೇಕೆ ಉರಿದುಬಿದ್ದೆ ಎಂದು ಹೇಳಬೇಕಾದರೆ ಚಿಗವ್ವನಿಂದ ಶುರು ಮಾಡಬೇಕು.

ಚಿಗವ್ವ ನನಗೆ ಬಂಧುವಲ್ಲ. ದೇವದುರ್ಗದ ನಮ್ಮ ಓಣಿಯ ಮೂಲೆಮನೆಯವಳು. ಓಣಿಯ ಮಕ್ಕಳಿಗೆಲ್ಲ ಚಿಗವ್ವ. ಮಾನ್ವಿಗೆ ಕೊಟ್ಟ ಹೆಣ್ಣು, ಆದರೆ ವರ್ಷದ ಹೆಚ್ಚು ಭಾಗ ಇಲ್ಲಿ ಅಣ್ಣನ ಮನೆಯಲ್ಲೇ ಇರುತ್ತಿದ್ದಳು. ಗಂಡ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅದೇ ಊರಿನ ಇನ್ನೊಂದು ಓಣಿಯಲ್ಲಿ ಅವನಿಗೆ ಇನ್ನೊಂದು ಮನೆ ಇತ್ತು, ಆ ಮನೆಯಲ್ಲಿ ಮಕ್ಕಳಿದ್ದರು, ಅಷ್ಟೇ. ಚಿಗವ್ವ ಸಿಟ್ಟಾಗಿ ತವರಿಗೆ ಬಂದಾಗಲೆಲ್ಲ ಹಿಂದೆಯೇ ಅವನ ಮಾತು ಬರುತ್ತಿತ್ತು: ಸ್ವಲ್ಪ ದಿನ ತಡಿ, ಎಲ್ಲಾ ಸರಿ ಮಾಡ್ತೀನಿ. ಅಣ್ಣ ಬಸ್ಸು ಹತ್ತಿಸುತ್ತಿದ್ದ. ಸಿರವಾರದಲ್ಲಿ ಬಸ್ಸು ಬದಲಿಸಿ ಅವಳು ಹೋಗುತ್ತಿದ್ದಳು. ಮತ್ತೆ ಬರುತ್ತಿದ್ದಳು.

ಅವಳಿಗೆ ಓದು ಬರುತ್ತಿತ್ತು, ಅದರ ಬಗ್ಗೆ ಜಂಬವೂ ಇತ್ತು. ಬಿಸಿಲು ಏರುವ ದಿನಗಳಲ್ಲಿ ಓಣಿಯ ಹೆಂಗಸರೆಲ್ಲ ಮೂಲೆಮನೆಯ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ, ನಾರು ಬೀಜ ತೆಗೆಯುತ್ತಿದ್ದರು. ಎಲ್ಲರ ಕೈಯೂ ಮೊಣಕೈವರೆಗೆ ಹುಳಿ. ಚಿಗವ್ವ ಮಾತ್ರ ಕಂಬಕ್ಕೆ ಒರಗಿ, ಶುದ್ಧ ಕೈಯಲ್ಲಿ ಆ ಕಾದಂಬರಿ ಹಿಡಿದು ಕೂರುತ್ತಿದ್ದಳು. ಯಾರದೋ ಹೆಬ್ಬೆರಳು ಒಮ್ಮೆ ತಾಗಿ ಒಂದು ಪುಟಕ್ಕೆ ಕಂದು ಕಲೆಯಾಗಿತ್ತು. ಅಂದಿನಿಂದ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

"ಓದಾಕಿ ಮಹಾರಾಣಿ, ನಾವೆಲ್ಲಾ ಆಕಿ ಬಾಂದಿಗೋಳು ನೋಡ್ರಿ," ಎನ್ನುತ್ತಿದ್ದಳು ಎದುರುಮನೆಯ ಖಾಲಾ. ಅವಳ ಗಂಡನಿಗೆ ಸಂತೆಯಲ್ಲಿ ಬಳೆ ಅಂಗಡಿ.

"ಹಂಗಾರ ನೀ ಓದು ಖಾಲಾ, ನಾ ಕುಟ್ಟತೀನಿ."

"ಅರೆ ಜಾನೇ ದೇ, ಬಿಡ ಬೇ! ನನ್ನ ಕಣ್ಣಿಗಿ ನಿಮ್ಮ ಕನ್ನಡ ಇರವಿ ಸಾಲು ಹೊಂಟಂಗ ಕಾಣ್ತದ."

ನಾಯಕ ಬೆಳದಿಂಗಳಲ್ಲಿ ನಿಂತು ಹಲುಬುವ ಕಡೆ ಚಿಗವ್ವ ತಾಳ್ಮೆ ಕಳೆದುಕೊಳ್ಳುತ್ತಿದ್ದಳು. "ಇಲ್ಲಿ ಬರೇ ಚಂದ್ರಾಮನ ಸುದ್ದಿ ಅದ. ಚಂದ್ರಾಮನ್ನ ನಿಮ್ಮ ನಿಮ್ಮ ಮಾಳಿಗಿ ಮ್ಯಾಲ ಹೋಗಿ ನೋಡ್ಕೊಳ್ರಿ. ಮುಂದ ಹೋಗೂಣು," ಎಂದು ಪುಟಗಳನ್ನು ಒಟ್ಟಿಗೇ ಮಗುಚಿಬಿಡುತ್ತಿದ್ದಳು.

ಕಥೆ ದೊಡ್ಡದೇನಲ್ಲ. ಹುಡುಗಿ ಒಬ್ಬನನ್ನು ಮೆಚ್ಚುತ್ತಾಳೆ, ಅವನೂ ಮೆಚ್ಚುತ್ತಾನೆ. ಅಪ್ಪನಿಗೆ ಹೇಳುವ ಧೈರ್ಯ ಅವನಿಗಿಲ್ಲ. ವರ್ಷಗಟ್ಟಲೆ ಅವಳನ್ನು ಕಾಯಿಸುತ್ತಾನೆ. ಹಬ್ಬಕ್ಕೋ ಹುಣ್ಣಿಮೆಗೋ ಅವಳು ಅವನ ಮನೆಗೆ ಬಂದಾಗಲೆಲ್ಲ ಅವನು ಸ್ವಲ್ಪ ದಿನ ತಡಿ ಎನ್ನುತ್ತಾನೆ, ಅವಳು ಹೊಸ್ತಿಲಲ್ಲಿ ನಿಂತು ಹೋಗಿ ಬರ್ತೀನಿ ಎನ್ನುತ್ತಾಳೆ. ಕೊನೆಯ ಸಲವೂ ಅವನು ಅದನ್ನೇ ಹೇಳಿದಾಗ ಅವಳು "ಹೋಗ್ತೀನಿ" ಎನ್ನುತ್ತಾಳೆ.

ಈ ಮಾತು ಬಂದಾಗ ಪಡಸಾಲೆಯಲ್ಲಿ ಕುಟ್ಟುವ ಸದ್ದು ನಿಲ್ಲುತ್ತಿತ್ತು. ನಮ್ಮವ್ವ, "ಬಿಡ್ತು ಅನ್ನು ಬೇ," ಎಂದು ಚಿಗವ್ವನನ್ನೇ ಗದರುತ್ತಿದ್ದಳು, ಪುಸ್ತಕದೊಳಗಿನವಳು ಆಡಿದ್ದು ಇವಳಿಗೇ ತಟ್ಟುತ್ತದೆ ಎಂಬಂತೆ. ಮನೆಯಿಂದ ಹೊರಡುವ ಬದುಕಿರುವ ಜೀವ ಹೋಗ್ತೀನಿ ಅನ್ನುವಂತಿಲ್ಲ. ಬಾಯಿ ತಪ್ಪಿ ಅಂದರೂ ಬಿಡ್ತು ಅಂದು ವಾಪಸು ತೆಗೆದುಕೊಳ್ಳಬೇಕು.

ನಾನು ಆಗ ಏಳನೆಯ ಇಯತ್ತೆ. ಶಾಲೆಯ ಚರ್ಚಾಕೂಟದಲ್ಲಿ ಆಗಷ್ಟೇ ಬಾಯಿಗೆ ಹಲ್ಲು ಬಂದಿದ್ದವು.

"ಹೋಗ್ತೀನಿ ಅಂದ್ರ ಏನಾಗ್ತದ? ಬಸ್ಸಿನ ಕಂಡಕ್ಟರ್ ದಿನಾ ಹೊಂಟೀವಿ ಹೊಂಟೀವಿ ಅಂತ ಒದರ್ತಾನ. ಸತ್ತಾನೇನು?"

ಹೆಂಗಸರು ನಕ್ಕರು. ಚಿಗವ್ವ ನಗಲಿಲ್ಲ. "ಸಾಯೂ ಮಾತಲ್ಲ ಲೇ ಹುಡುಗಿ ಇದು. ಬರೂ ಮನಸಿಲ್ಲದಾಕಿ ಬರ್ತೀನಿ ಅಂದ್ರ ಸುಳ್ಳು. ಈಕಿ ಇಷ್ಟು ದಿನ ಸುಳ್ಳು ಹೇಳ್ಯಾಳ. ಇಡೀ ಪುಸ್ತಕದಾಗ ಖರೇ ಮಾತು ಇದೊಂದೇ."

"ಮತ್ತ ಉಳಿದಿದ್ದು ಯಾಕ ಓದಬೇಕು?"

"ಸುಳ್ಳು ಎಷ್ಟು ಉದ್ದ ಇತ್ತು ಅಂತ ತಿಳೀಬೇಕಲ್ಲ, ಅದಕ್ಕ."

ನಾನು ಸೋತೆ. ಆಮೇಲೆ ಎಷ್ಟೋ ವೇದಿಕೆ ಹತ್ತಿದ್ದೇನೆ. ಹೀಗೆ ಬಾಯಿ ಮುಚ್ಚಿಸಿದವರು ಕಡಿಮೆ.

ನಾನು ಹೈಸ್ಕೂಲಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಚಿಗವ್ವ ಮಾನ್ವಿಯಿಂದ ಟ್ರಂಕು ಹಿಡಿದು ಇಳಿದಳು. ಓಣಿಗೆ ಅದು ಹೊಸದಲ್ಲ. "ಬಂತು ನೋಡ್ರಿ ನಮ್ಮ ಲೈಬ್ರರಿ," ಎಂದು ಖಾಲಾ ಕೂಗಿದಳು. ಆದರೆ ಮರುದಿನ ಮಾನ್ವಿಯಿಂದ ಸುದ್ದಿ ಬಂತು. ಗಂಡ ಕಟ್ಟೆಯ ಮೇಲೆ ಕೂತು ಮಾಮೂಲಿನಂತೆ, ಸ್ವಲ್ಪ ದಿನ ತಡಿ ಅಂದನಂತೆ. ಇವಳು ಹೊಸ್ತಿಲು ದಾಟಿ, ತಿರುಗಿ ನಿಂತು, "ಹೋಗ್ತೀನಿ" ಅಂದಳಂತೆ. ಅತ್ತೆ ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಓಡಿಬಂದಳಂತೆ, ಸೊಸೆಯನ್ನು ಉಳಿಸಿಕೊಳ್ಳಲು ಅಲ್ಲ, "ಬರ್ತೀನಿ ಅಂದು ಹೋಗ ಬೇ" ಎಂದು ಬೇಡಿಕೊಳ್ಳಲು.

ಅಷ್ಟಾದ ಮೇಲೆ ಗಂಡನಿಗೆ ಜ್ವರ ಬಂತು. ಆ ಬೇಸಿಗೆಯಲ್ಲಿ ಮಾನ್ವಿಯ ಅರ್ಧ ಊರಿಗೆ ಜ್ವರ ಬಂದಿತ್ತು. ಉಳಿದವರ ಜ್ವರಕ್ಕೆ ನೀರು ಕಾರಣ, ಇವನ ಜ್ವರಕ್ಕೆ ಮಾತ್ರ ಹೆಂಡತಿಯ ಬಾಯಿ ಕಾರಣ.

ಹಿರಿಯರು ನ್ಯಾಯಕ್ಕೆ ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಹೆಂಗಸರು ಒಳಬಾಗಿಲ ಹಿಂದೆ, ನಾನು ನಮ್ಮವ್ವನ ಪಕ್ಕದಲ್ಲಿ. ಬೈಗುಳ ಇರಬಹುದು, ಜಗಳ ಆಗಬಹುದು ಎಂದುಕೊಂಡಿದ್ದೆ. ಏನೂ ಇಲ್ಲ. ಅವರು ಎಷ್ಟು ಮೆತ್ತಗೆ ಮಾತಾಡಿದರು ಎಂದರೆ ಇವತ್ತಿಗೂ ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಗುಮಾನಿ.

"ನಾವೇನು ಹೊಳ್ಳಿ ಬಂದು ಸಂಸಾರ ಮಾಡು ಅನ್ನಂಗಿಲ್ಲ ತಂಗಿ," ಅಂದರು ಮಾನ್ವಿಯ ಹಿರಿಯರು. "ಒಂದ್ ಸಲ ಬಾ. ಹೊಸ್ತಿಲ ಮುಂದ ನಿಂತು, ಹೋಗಿ ಬರ್ತೀನಿ ಅಂದುಬಿಡು. ಆಮ್ಯಾಲ ಅಣ್ಣನ ಮನ್ಯಾಗ ಜಲ್ಮ ಪೂರ್ತಿ ಇರು, ಯಾರು ಕೇಳ್ತಾರ? ಒಂದ್ ಮಾತು ಅದ, ಅಷ್ಟ."

"ನಾ ಬರಂಗಿಲ್ಲ ಅಂತ ನಿಮಗೂ ಗೊತ್ತದ, ನನಗೂ ಗೊತ್ತದ," ಅಂದಳು ಚಿಗವ್ವ. "ಮತ್ತ ಯಾರಿಗಿ ಹೇಳ್ಲಿ ಯಪ್ಪಾ? ಹೊಸ್ತಿಲಕ್ಕೇನು?"

"ಗಂಡನ ಜೀವಕ್ಕ ಹೇಳವಾ."

"ಅವನ ಜೀವ ನನ್ನ ಬಾಯಾಗ ಇತ್ತಂದ್ರ ಇಷ್ಟು ದಿನ ಜರಾ ನೋಡ್ಕೊಂಡು ನಡೀಬೇಕಿತ್ತಲ್ಲ."

ಒಳಗೆ ಖಾಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಹೊರಗೆ ಯಾರೋ, "ಇಂಥಾ ಮಾತು ಎಲ್ಲಿ ಕಲ್ತಾಳ ಈಕಿ?" ಎಂದರು. ಚಿಗವ್ವನ ಅತ್ತಿಗೆ ನನ್ನ ಪಕ್ಕದಿಂದಲೇ ಉತ್ತರ ಕೊಟ್ಟಳು, "ಆ ಪುಸ್ತಕದಾಗ್ರಿ."

ಅಣ್ಣ ಕೊನೆಗೆ ಬಾಯಿ ಬಿಟ್ಟ. ಅವನಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಗಂಡನಿಗೆ ಕೇಡು ನುಡಿದವಳು ಇರುವ ಮನೆಯಿಂದ ಹೆಣ್ಣು ತರುವುದಿಲ್ಲ ಎಂದು ಒಂದು ಕಡೆಯವರು ಆಗಲೇ ಹೇಳಿ ಕಳಿಸಿದ್ದರು. "ನನ್ನ ಮಕ್ಕಳ ಮಾರಿ ನೋಡ ತಂಗಿ. ಒಂದ್ ಮಾತು. ಮನಸಿನ್ಯಾಗ ಏನರೆ ಇಟ್ಕೋ, ಬಾಯಿಲೆ ಅಂದುಬಿಡು. ಇಲ್ಲಂದ್ರ... ನಾ ನಿನ್ನ ಹೆಂಗ ಇಟ್ಕೊಳ್ಳಿ?"

ಚಿಗವ್ವ ತಿರುಗಿ ಒಳಬಾಗಿಲ ಹಿಂದಿದ್ದ ಅಣ್ಣನ ಮಕ್ಕಳನ್ನು ನೋಡಿದಳು. ಒಪ್ಪುತ್ತಾಳೆ ಎಂದೇ ಎಲ್ಲರೂ ತಿಳಿದರು. ನಾನೂ ತಿಳಿದೆ.

"ದುಡಿ ಅನ್ನು ಅಣ್ಣಾ, ದುಡೀತೀನಿ. ಉಪಾಸ ಇರು ಅನ್ನು, ಇರ್ತೀನಿ. ಸುಳ್ಳು ಹೇಳು ಅನಬ್ಯಾಡ. ಅದೊಂದು ಹೇಳಿ ಹೇಳಿ ಸಾಕಾಗ್ಯದ."

ಅವತ್ತು ಸಂಜೆ ಅತ್ತಿಗೆ ಆ ಕಾದಂಬರಿಯನ್ನು ಬಚ್ಚಲ ಒಲೆಗೆ ಹಾಕಿದಳು. ನೀರು ಚೆನ್ನಾಗಿಯೇ ಕಾದಿರಬೇಕು.

ಚಿಗವ್ವ ಅದೇ ವಾರ ರಾಯಚೂರಿಗೆ ಹೊರಟಳು. ಓಣಿ ಪೂರ್ತಿ ಬಾಗಿಲಲ್ಲಿ ನಿಂತಿತ್ತು, ಈಗ ಏನನ್ನುತ್ತಾಳೋ ಎಂದು. ಅವಳು ಯಾರಿಗೂ ಏನೂ ಅನ್ನಲಿಲ್ಲ. ಖಾಲಾಳ ಕೈ ಹಿಡಿದು ಬಿಟ್ಟಳು, ನನ್ನ ಕೆನ್ನೆ ತಟ್ಟಿದಳು. ಬರುತ್ತೇನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ, ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು...

ಕಾಲೇಜಿಗೆಂದು ನಾನು ರಾಯಚೂರಿನ ಹಾಸ್ಟೆಲ್ ಸೇರಿದಾಗ ಅವಳನ್ನು ಹುಡುಕಿಕೊಂಡು ಹೋದೆ. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ. ಜಿನ್ನಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ. ಕೂದಲಲ್ಲಿ, ಹುಬ್ಬಿನಲ್ಲಿ, ಸೆರಗಿನ ಅಂಚಿನಲ್ಲಿ ಅರಳೆಯ ಎಳೆಗಳು. ಕೆಮ್ಮು ಆಗಲೇ ಶುರುವಾಗಿತ್ತು. ಆದರೆ ನಾಲಿಗೆ ಹಾಗೇ ಇತ್ತು. ನಾನು ಒಂದೇ ವಿಷಯಕ್ಕೆ ಒಮ್ಮೆ ಪರವಾಗಿ, ಇನ್ನೊಮ್ಮೆ ವಿರೋಧವಾಗಿ ಮಾತಾಡಿ ಎರಡು ಕಪ್ ಗೆದ್ದಿದ್ದನ್ನು ಹೆಮ್ಮೆಯಿಂದ ಹೇಳಿದೆ.

"ಎರಡೂ ಕಡಿ ಮಾತಾಡಾಕ ನಾಚಿಕಿ ಬರಂಗಿಲ್ಲೇನ ಬೇ ನಿನಗ?"

"ಅದು ಸ್ಪರ್ಧಿ ಚಿಗವ್ವ. ಅಲ್ಲಿ ಹಂಗೇ ಇರ್ತದ."

"ಹೌದೌದು. ಬಾಯಿಲೆ ಅಂದ್ರ ಸಾಕು, ಮನಸಿನ್ಯಾಗ ಏನರೆ ಇರ್ಲಿ. ನಮ್ಮಣ್ಣನೂ ಅದನ್ನೇ ಹೇಳಿದ್ದ."

ಭಾನುವಾರದ ಭೇಟಿ ರೂಢಿಯಾಯಿತು. ಪುಸ್ತಕ ಸುಟ್ಟುಹೋಗಿದ್ದರೂ ಕಥೆ ಅವಳ ಬಾಯಲ್ಲಿತ್ತು. ಜಿನ್ನಿನ ಹೆಂಗಸರಿಗೆ ಊಟದ ಬಿಡುವಿನಲ್ಲಿ ಹೇಳುತ್ತಿದ್ದಳಂತೆ, ಚಂದ್ರನನ್ನು ಪೂರ್ತಿ ಬಿಟ್ಟು. ನಾನು ಹೊರಡುವಾಗ ಮಾತ್ರ ಒಂದು ಕಟ್ಟಳೆ ಇತ್ತು. ಬಾಗಿಲಲ್ಲಿ ನಿಲ್ಲಿಸಿ, "ಹೋಗಿ ಬರ್ತೀನಿ ಅನ್ನು," ಎನ್ನುತ್ತಿದ್ದಳು.

"ನೀನು ಈ ಮಾತು ಹೇಳ್ತೀಯಲ್ಲ ಚಿಗವ್ವ!"

"ನೀ ಬರಾಕಿ, ಅದಕ್ಕ ಅನ್ನು ಅಂತೀನಿ. ಬರಾಕಿ ಬಾಯಾಗ ಎಷ್ಟು ಚಂದ ಕೇಳ್ತದ ನೋಡು."

ನಾನು ಅನ್ನುತ್ತಿದ್ದೆ, ಮುಂದಿನ ಭಾನುವಾರ ಬರುತ್ತಲೂ ಇದ್ದೆ. ಒಂದು ಭಾನುವಾರ ಕೋಣೆಗೆ ಬೀಗ. ಸರಕಾರಿ ಆಸ್ಪತ್ರೆಯಲ್ಲಿದ್ದಾಳೆ ಎಂದರು ಪಕ್ಕದವರು. ಅಲ್ಲಿಗೆ ಹೋದಾಗ ಉಸಿರು ಎಳೆದು ಎಳೆದು ಮಾತು ನಿಂತಿತ್ತು. ಕಣ್ಣಿಂದ ಬಾಗಿಲು ತೋರಿಸಿದಳು, ಹೊತ್ತಾಯಿತು ಹೊರಡು ಎಂಬಂತೆ. "ಹೋಗಿ ಬರ್ತೀನಿ ಚಿಗವ್ವ," ಎಂದೆ. ಮರುದಿನ ಬಂದೆ ಕೂಡ. ಅವಳಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನಗೆ ದುಃಖ ಇರುತ್ತಿತ್ತು, ಕಹಿ ಇರುತ್ತಿರಲಿಲ್ಲ. ಜಿನ್ನಿನ ಹೆಂಗಸರು ಕೂಡಿ ಮಣ್ಣು ಮಾಡುತ್ತೇವೆ ಎನ್ನುತ್ತಿದ್ದಾಗಲೇ ಮಾನ್ವಿಯಿಂದ ಜೀಪು ಬಂತು. ಗಂಡ ಬದುಕಿದ್ದಾನೆ, ಮುತ್ತೈದೆ ಸಾವು, ಅನಾಥವಾಗಿ ಹೋಗಬಾರದು ಅಂದರು. ಬದುಕಿದ್ದಾಗ ಅವಳ ಕೋಣೆ ಎಲ್ಲಿದೆ ಎಂದೂ ಕೇಳದವರು ಹಸಿರು ಬಳೆ, ಕುಂಕುಮ, ಹೊಸ ಸೀರೆ ಎಲ್ಲವನ್ನೂ ಮರೆಯದೆ ತಂದಿದ್ದರು. ನಾನು ಬಸ್ಸಿನಲ್ಲಿ ಹಿಂದೆ ಹೋದೆ. ಅದೇ ಮನೆಯ ಹೊಸ್ತಿಲ ಮುಂದೆ ಅವಳನ್ನು ಇಳಿಸಿದರು. ಗಂಡ ಅದೇ ಕಟ್ಟೆಯ ಮೇಲೆ ಗಟ್ಟಿಮುಟ್ಟಾಗಿ ಕೂತು ಅಳುತ್ತಿದ್ದ. ನ್ಯಾಯಕ್ಕೆ ಬಂದಿದ್ದ ಹಿರಿಯರು ಕಣ್ಣೊರೆಸಿಕೊಂಡು ಅಂದರು, "ಹೋಗ್ತೀನಿ ಅಂದಿದ್ಲು. ಕೊನಿಗೆ ಬಂದ್ಲು ನೋಡ್ರಿ. ಎಲ್ಲಿ ಹೋಗ್ತಾಳ?"

ಉತ್ತರ ಕೊಡಬೇಕಾದವಳು ಮಲಗಿದ್ದಳು. ಎದುರಾಳಿ ಮಾತಾಡಲಾಗದ ಮೇಲೆ ಗೆಲ್ಲುವುದು ಬಹಳ ಸುಲಭ.

ಅದಕ್ಕೇ ಬಹುಮಾನದ ದಿನ ಚಹಾದ ಹೊತ್ತಿನಲ್ಲಿ ಆ ಲೇಖಕರ ಬಳಿ ಹೋಗಿ ಕೇಳಿದೆ. ಕೊನೆಯ ಮಾತನ್ನು ಯಾಕೆ ಬದಲಿಸಿದಿರಿ?

ಅವರು ಬೇಸರಪಡಲಿಲ್ಲ. ಬಹಳ ಮೆತ್ತಗೆ ಮಾತಾಡಿದರು. "ಒಂದು ಮಾತು ತಾನೇ ಅಮ್ಮಾ. ಇಂದಿನ ಮಕ್ಕಳಿಗೆ ಭರವಸೆ ಬೇಕು. ಅದೂ ಅಲ್ಲದೆ ಹೋಗ್ತೀನಿ ಎನ್ನುವುದು ನಮ್ಮ ಸಂಸ್ಕೃತಿಯಲ್ಲಿ ಅಶುಭ."

ಹೊಸ ರೂಪ ಎಂದು ಮಾರುತ್ತಿರುವ ಪುಸ್ತಕದಲ್ಲಿ ಹೊಸದೆಂದರೆ ಸ್ಕೂಟರು ಮತ್ತು ಬೆಲ್‌ಬಾಟಮ್ ಮಾತ್ರ. ಅದನ್ನು ತೊಟ್ಟವಳ ಬಾಯಲ್ಲಿ ಮಾನ್ವಿಯ ಅತ್ತೆ ಕೂತಿದ್ದಾಳೆ. ಹಳೆಯ ಕಾದಂಬರಿಯನ್ನು ಬರೆದವರು ಬದುಕಿದ್ದ ಕಾಲದಲ್ಲಿ ಹೆಣ್ಣೊಬ್ಬಳಿಗೆ ಆ ಮಾತು ಆಡಲು ಅವಕಾಶವಿತ್ತು. ನಮ್ಮ ಕಾಲದಲ್ಲಿ, ನಮಗಾಗಿ, ಅದನ್ನು ತಿದ್ದಲಾಗಿದೆ. ಚಿಗವ್ವನೂ ಪುಟ ಹಾರಿಸುತ್ತಿದ್ದಳಲ್ಲ, ಅವಳಿಗೊಂದು ನ್ಯಾಯ ಇವರಿಗೊಂದು ನ್ಯಾಯವೇ ಎಂದು ಎದುರು ಪಕ್ಷ ಕೇಳಬಹುದು. ಕೇಳಲಿ. ಅವಳು ಬಿಟ್ಟಿದ್ದು ಚಂದ್ರನನ್ನು. ಹೆಣ್ಣಿನ ಬಾಯಿಗೆ ತನ್ನ ಮಾತನ್ನು ತುರುಕಲಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಕಾದಂಬರಿ ಇಲ್ಲ. ಅಂಗಡಿಯವನು ಅದೀಗ ಅಚ್ಚಿನಲ್ಲೇ ಇಲ್ಲ, ಹೊಸದು ಬಂದಿದೆಯಲ್ಲ, ಅದನ್ನೇ ಒಯ್ಯಿರಿ ಎಂದ.

ಹಾಸ್ಟೆಲ್ಲಿಗೆ ಬಂದು ಪೆನ್ನು ತೆಗೆದು, ಬಹುಮಾನದ ಪುಸ್ತಕದ ಕೊನೆಯ ಪುಟದಲ್ಲಿ ನಗು, ಓಟ, ಸ್ಕೂಟರು ಎಲ್ಲವನ್ನೂ ಹೊಡೆದುಹಾಕಿದೆ. 'ಹೋಗಿ ಬರ್ತೀನಿ' ಎಂಬುದರ ಮೇಲೆ ಗೆರೆ ಎಳೆದು 'ಹೋಗ್ತೀನಿ' ಎಂದು ಬರೆದೆ. ನನ್ನ ಕೋಣೆಯಲ್ಲಿದ್ದ ಜಾಲಹಳ್ಳಿ ಕಡೆಯ ಕಿರಿಯ ಹುಡುಗಿ ಅದನ್ನು ಓದಲು ಒಯ್ದಳು. ಓದಿ ಮುಗಿಸಿ ತಂದು ಮುಂದೆ ಹಿಡಿದಳು.

"ಅಕ್ಕಾ, ಲಾಸ್ಟಿಗೆ ಯಾರೋ ಗೀಚಿ ಕೆಡಿಸ್ಯಾರ ನೋಡ್ರಿ. ಬೆಳಕಿಗೆ ಹಿಡದು ಗೀಚಿದ್ದರ ಕೆಳಗಿಂದು ಓದಿದೆ. ಮೊದಲಿಂದೇ ಭಾಳ ಚಲೋ ಇತ್ತು."

ಅವಳೊಡನೆ ವಾದಿಸಲು ಬಾಯಿ ತೆರೆದೆ. ಏನನ್ನು ಮುಂದಿಡಲಿ? ಸುಟ್ಟ ಪುಸ್ತಕ, ಮಣ್ಣಾದ ಹೆಂಗಸು. ಯಾವ ತೀರ್ಪುಗಾರನೂ ಒಪ್ಪುವ ಪುರಾವೆ ನನ್ನ ಬಳಿ ಇಲ್ಲ.

ಕೊನೆಯ ಪರೀಕ್ಷೆ ಮುಗಿದು ಇವತ್ತು ಹಾಸ್ಟೆಲ್ ಬಿಟ್ಟೆ. ಜಿನ್ನಿನ ಹಿಂದಿನ ಓಣಿಯ ಆ ಕೋಣೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ, ಅತ್ತ ಹೋಗಲಿಲ್ಲ. ಕಿರಿಯ ಹುಡುಗಿ ನನ್ನ ಚೀಲ ಹಿಡಿದು ಗೇಟಿನವರೆಗೆ ಬಂದಳು. ನಾನು ಈ ಊರಿಗೆ ಮತ್ತೆ ಬರುವ ಕಾರಣ ಯಾವುದೂ ಉಳಿದಿಲ್ಲ.

"ಹೋಗ್ತೀನಿ," ಎಂದೆ.

ಹುಡುಗಿಯ ಮುಖ ಬಿಳಿಚಿತು. "ಅಯ್ಯ! ಬಿಡ್ತು ಅನ್ರಿ ಅಕ್ಕಾ!"

ಹುಣಸೆಹಣ್ಣಿನ ಪಡಸಾಲೆಯಲ್ಲಿ ನಮ್ಮವ್ವ ಗದರಿದ ಅದೇ ದನಿ. ಬಸ್ಸಿಗೆ ಹೊತ್ತಾಗಿತ್ತು. ಅವಳ ಕೈಯಿಂದ ಚೀಲ ತೆಗೆದುಕೊಂಡೆ. ಬಿಡ್ತು ಅನ್ನಲಿಲ್ಲ.